ಪ್ರೂಫ್ ಅಂದರೆ ಪುರಾವೆ ಅಲ್ಲವಂತೆ! ಚಿನ್ನದ ನಾಣ್ಯ ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ

ಕಬ್ಬಿನಗದ್ದೆ
ಎಲ್ಲರಿಗೂ ನಮಸ್ಕಾರ. ನಾನು ಪಾಂಡವಪುರದ ಹತ್ತಿರದವನು. ಅಕ್ಕನ ಮಗಳ ಮದುವೆ ಗೊತ್ತಾಗಿದೆ. ಸೋದರಮಾವ ಅಂದ ಮೇಲೆ ಮುಯ್ಯಿ ಗಟ್ಟಿಯಾಗಿಯೇ ಇರಬೇಕು ಅಲ್ವಾ? ಕಬ್ಬಿನ ದುಡ್ಡು ಕೈಗೆ ಬಂದಿದೆ. ಒಡವೆ ತಗೊಂಡರೆ ವೇಸ್ಟೇಜು, ಮಜೂರಿ ಅಂತ ಸೋರಿ ಹೋಗುತ್ತದೆ, ನಾಣ್ಯ ಕೊಟ್ಟು ಕೈ ತೊಳೆದುಕೊಳ್ಳೋಣ ಅಂದುಕೊಂಡೆ. ಈಗ ತಲೆ ಕೆಟ್ಟು ಕೂತಿದ್ದೇನೆ.

ಮಂಡ್ಯದ ಪೇಟೆ ಬೀದಿಯಲ್ಲಿ 8 ಗ್ರಾಂ ಲಕ್ಷ್ಮಿ ಕಾಸು ತೋರಿಸಿದರು, 916 ಅಂದರು. ಮೈಸೂರಿನ ಅಶೋಕ ರಸ್ತೆಯ ಒಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಕಾರ್ಡಿನೊಳಗೆ ಸೀಲ್ ಮಾಡಿದ 24 ಕ್ಯಾರೆಟ್ ನಾಣ್ಯ ತೋರಿಸಿದರು. ಮುಖ ಕಾಣುವಷ್ಟು ಹೊಳಪು. "ಇದು ಪ್ರೂಫ್ ಸಾರ್, ಅದಕ್ಕೇ ರೇಟು ಜಾಸ್ತಿ" ಅಂದ ಹುಡುಗ. ಪ್ರೂಫ್ ಅಂದರೆ ಏನಪ್ಪಾ ಅಂದೆ. "ಶುದ್ಧ ಚಿನ್ನ ಅನ್ನೋದಕ್ಕೆ ಪ್ರೂಫ್ ಸಾರ್" ಅಂದ. ಹಾಗಾದರೆ ಪ್ರೂಫ್ ಇಲ್ಲದ್ದು ಶುದ್ಧ ಅಲ್ಲವಾ ಅಂದರೆ ಓನರ್ ಮುಖ ನೋಡಿದ.

ಇದು ಸಾಲದು ಅಂತ ಬೆಂಗಳೂರಿನಲ್ಲಿರುವ ಭಾವಮೈದ ಫೋನಿನಲ್ಲಿ ಹೊರದೇಶದ ನಾಣ್ಯವೊಂದನ್ನು ತೋರಿಸಿದ. ಎಂಎಸ್-70 ಅಂತೆ, ಅದಕ್ಕಿಂತ ಮೇಲಿನ ಗ್ರೇಡ್ ಪ್ರಪಂಚದಲ್ಲೇ ಇಲ್ಲವಂತೆ. ಎಪ್ಪತ್ತು ಪರ್ಸೆಂಟ್ ಚಿನ್ನವಾ ಅಂತ ಕೇಳಿ ಎಲ್ಲರ ಮುಂದೆ ನಗೆಪಾಟಲಾದೆ.

ಇದರ ಮಧ್ಯೆ ಅಮ್ಮ ಟ್ರಂಕಿನಿಂದ ಅಜ್ಜಿಯ ಕಾಲದ ಸವರನ್ ತೆಗೆದು "ಇದನ್ನೇ ಕೊಡೋ" ಅನ್ನುತ್ತಿದ್ದಾರೆ. ಒಂದು ಕಡೆ ಗಡ್ಡದ ರಾಜ, ಇನ್ನೊಂದು ಕಡೆ ಕುದುರೆ ಸವಾರ. ತಲೆಯ ಮೇಲೆ ಕೊಂಡಿ ಬೆಸೆದಿದೆ.

ಈ ಪ್ರೂಫು, ಎಂಎಸ್ಸು, 916, 999 ಎಲ್ಲ ಒಂದೇ ಸಂಗತಿಯಾ, ಬೇರೆ ಬೇರೆಯಾ? ಯಾವುದಕ್ಕೆ ದುಡ್ಡು ಕೊಡಬೇಕು?

ಮೈಸೂರುಪಾಕ್
ಒಳ್ಳೇ ಪ್ರಶ್ನೆ. ನಾನೂ ಇಲ್ಲೇ ಟವೆಲ್ ಹಾಸಿ ಕೂತೆ.

ಒರೆಗಲ್ಲು
ಮೂವತ್ತು ವರ್ಷದಿಂದ ಮೈಸೂರಿನಲ್ಲಿ ಚಿನ್ನದ ಕೆಲಸ ಮಾಡುತ್ತಿದ್ದೇನೆ. ಅಂಗಡಿ ಹುಡುಗ ಹೇಳಿದ್ದು ಪೂರ್ತಿ ತಪ್ಪು. ಪ್ರೂಫ್ ಅನ್ನೋದು ಶುದ್ಧತೆಯ ಮಾತೇ ಅಲ್ಲ, ಅಚ್ಚು ಹಾಕುವ ರೀತಿ. 22 ಕ್ಯಾರೆಟ್‌ನಲ್ಲೂ ಪ್ರೂಫ್ ಇರುತ್ತದೆ, ತಾಮ್ರದಲ್ಲೂ ಇರುತ್ತದೆ.

ಶುದ್ಧತೆ ಬೇಕಾದರೆ ಅಂಕಿ ನೋಡಿ. 916 ಅಂದರೆ ಸಾವಿರದಲ್ಲಿ 916 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ಅದೇ 22 ಕ್ಯಾರೆಟ್. 995, 999 ಎರಡನ್ನೂ ಅಂಗಡಿಯಲ್ಲಿ 24 ಕ್ಯಾರೆಟ್ ಅಂತಲೇ ಮಾರುತ್ತಾರೆ, ನಮ್ಮ ಅಜ್ಜಂದಿರ ಮಾತಿನಲ್ಲಿ ಅಪರಂಜಿ.

ಹೊಳಪಿಗೆ ದುಡ್ಡು ಕೊಡಬೇಡಿ. ಮೂಸೆಗೆ ಬಿದ್ದ ಮೇಲೆ ಲಕ್ಷ್ಮಿಯೂ ಒಂದೇ, ರಾಣಿಯೂ ಒಂದೇ.

ನಾಣ್ಯಹುಚ್ಚ
ಒರೆಗಲ್ಲು ಅವರ ಮೊದಲ ಎರಡು ಪ್ಯಾರಾ ಸರಿ. ಕೊನೆಯದಕ್ಕೆ ಜಗಳ ಇದೆ, ಆಮೇಲೆ ಬರುತ್ತೇನೆ.

ಕಬ್ಬಿನಗದ್ದೆ ಅವರೇ, ನಿಮ್ಮ ತಲೆ ಕೆಟ್ಟಿರುವುದು ಮೂರು ಬೇರೆ ಬೇರೆ ಪ್ರಶ್ನೆ ಒಂದೇ ಚೀಲಕ್ಕೆ ಬಿದ್ದಿರುವುದರಿಂದ. ಚಿನ್ನ ಎಷ್ಟಿದೆ? ಅದು 916, 999. ಟಂಕಸಾಲೆಯಲ್ಲಿ ಹೇಗೆ ಮಾಡಿದರು? ಅದು ಫಿನಿಶ್, ಅಂದರೆ ಪ್ರೂಫು, ಮ್ಯಾಟು ಇತ್ಯಾದಿ. ಮಾಡಿದ ಮೇಲೆ ಈಗ ಯಾವ ಸ್ಥಿತಿಯಲ್ಲಿದೆ? ಅದು ಗ್ರೇಡ್. ಮನೆ ಕಟ್ಟಿದ ಹಾಗೆ ಅಂದುಕೊಳ್ಳಿ. ಸಿಮೆಂಟ್ ಯಾವುದು ಅನ್ನೋದು ಬೇರೆ, ಪೇಂಟ್ ಯಾವುದು ಅನ್ನೋದು ಬೇರೆ, ಹತ್ತು ವರ್ಷ ಬಾಡಿಗೆಯವರು ಇದ್ದು ಹೋದ ಮೇಲೆ ಗೋಡೆ ಹೇಗಿದೆ ಅನ್ನೋದು ಬೇರೆ.

ಪ್ರೂಫ್ ಮಾಡುವಾಗ ಅಚ್ಚನ್ನೂ ಬಿಲ್ಲೆಯನ್ನೂ ಮೊದಲೇ ಪಾಲಿಷ್ ಮಾಡುತ್ತಾರೆ. ನಿಧಾನವಾಗಿ, ಜಾಸ್ತಿ ಒತ್ತಡ ಕೊಟ್ಟು, ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಚಿತ್ರವಿಲ್ಲದ ಬಯಲು ಜಾಗ ಕನ್ನಡಿ ಥರ, ಚಿತ್ರದ ಭಾಗ ಮಂಜು ಕೂತ ಗಾಜಿನ ಥರ ಬಿಳಚಿಕೊಂಡು ಕಾಣುತ್ತದೆ. ಇದನ್ನೇ ಉಲ್ಟಾ ಮಾಡಿದರೆ, ಅಂದರೆ ಚಿತ್ರ ಕನ್ನಡಿ, ಬಯಲು ಮಂಜು ಆದರೆ, ರಿವರ್ಸ್ ಪ್ರೂಫ್. ಸಾಧಾರಣ ಬುಲಿಯನ್ ನಾಣ್ಯಕ್ಕೆ, ಅಂದರೆ ಒಳಗಿನ ಚಿನ್ನಕ್ಕಾಗಿಯೇ ಕೊಳ್ಳುವ ನಾಣ್ಯಕ್ಕೆ, ಇಷ್ಟು ಉಪಚಾರ ಇಲ್ಲ, ಯಂತ್ರ ಸರಸರ ಒತ್ತಿ ಕೆಳಗೆ ಬೀಳಿಸುತ್ತದೆ. ಅದಕ್ಕೇ ಹೊಸ ನಾಣ್ಯದಲ್ಲೂ ಸಣ್ಣ ಸಣ್ಣ ಗೀರು ಇರುತ್ತದೆ. ಇವೆರಡರ ನಡುವೆ ಬ್ರಿಲಿಯಂಟ್ ಅನ್‌ಸರ್ಕ್ಯುಲೇಟೆಡ್, ಚಿಕ್ಕದಾಗಿ ಬಿಯು. ಸ್ವಲ್ಪ ಹೆಚ್ಚು ಜೋಪಾನ ಮಾಡಿದ್ದು, ಪ್ರೂಫಿನಷ್ಟಲ್ಲ.

ಹೇಮಾವತಿದಂಡೆ
ಹಾಗಾದರೆ ಆ ಹುಡುಗ ತೋರಿಸಿದ್ದು ನಿಜವಾಗಿ ಪ್ರೂಫ್ ಹೌದೋ ಅಲ್ಲವೋ?

ನಾಣ್ಯಹುಚ್ಚ
ನೋಡದೆ ಹೇಳಲಾರೆ. ಆದರೆ ನಮ್ಮ ಕಡೆ ಸುಮ್ನೆ ಪಳಪಳ ಹೊಳೆಯುವುದಕ್ಕೆಲ್ಲ ಪ್ರೂಫ್ ಅನ್ನುವ ಚಾಳಿ ಇದೆ. ಚಿತ್ರ, ಬಯಲು ಎರಡೂ ಒಂದೇ ಥರ ಹೊಳೆಯುತ್ತಿದ್ದರೆ ಅನುಮಾನ ಪಡಿ.

ಬೆಂಗಳೂರುಬಾವ
ಎಂಎಸ್-70 ವಿಷಯ ಯಾರೂ ಹೇಳಲಿಲ್ಲವಲ್ಲ. ನನ್ನ ಹತ್ತಿರ ಎರಡಿದೆ. ಮಿಂಟ್ ಸ್ಟೇಟ್ ಅಂತ ಅದರರ್ಥ. ಸೀಲ್ ಮಾಡಿದ ಡಬ್ಬಿಯಲ್ಲಿ ಬರುತ್ತದೆ, ಅದಕ್ಕೆ ಸ್ಲ್ಯಾಬ್ ಅನ್ನುತ್ತಾರೆ.

ಕಬ್ಬಿನಗದ್ದೆ
ನಮ್ಮಲ್ಲಿ ಸ್ಲ್ಯಾಬ್ ಅಂದರೆ ತಾರಸಿಗೆ ಹಾಕುವುದು ಸ್ವಾಮಿ. ಹೋದ ವರ್ಷ ಅದಕ್ಕೇ ಸಾಲ ಆಗಿದ್ದು.

ಲೆಕ್ಕದಮೇಷ್ಟ್ರು
ಎಪ್ಪತ್ತರ ಕಥೆ ನಾನು ಹೇಳುತ್ತೇನೆ, ಲೆಕ್ಕಕ್ಕೆ ಸಂಬಂಧಿಸಿದ್ದು. 1949ರಲ್ಲಿ ವಿಲಿಯಂ ಶೆಲ್ಡನ್ ಅನ್ನುವ ಅಮೆರಿಕದವರು ಅಲ್ಲಿನ ಹಳೆಯ ತಾಮ್ರದ ದೊಡ್ಡ ಸೆಂಟ್ ನಾಣ್ಯಗಳಿಗಾಗಿ ಈ ಅಳತೆ ಮಾಡಿದರು. ಸವೆದು ಸವೆದು ಯಾವ ನಾಣ್ಯ ಅಂತ ಮಾತ್ರ ತಿಳಿಯುವಂತಿದ್ದರೆ 1. ಕಳಂಕವೇ ಇಲ್ಲದ್ದು 70. ಎಪ್ಪತ್ತೇ ಯಾಕೆ? ಒಂದರ ದರ್ಜೆಯ ನಾಣ್ಯಕ್ಕಿಂತ ಎಪ್ಪತ್ತರದ್ದು ಎಪ್ಪತ್ತು ಪಟ್ಟು ಬೆಲೆ ಬಾಳುತ್ತದೆ ಅನ್ನುವುದು ಅವರ ಲೆಕ್ಕ. ಆ ಬೆಲೆಯ ಲೆಕ್ಕ ಆಮೇಲೆ ಕೆಟ್ಟುಹೋಯಿತು, ಅಂಕಿ ಮಾತ್ರ ಉಳಿಯಿತು. ಅದಕ್ಕೇ ನೂರಕ್ಕೆ ಬದಲು ಎಪ್ಪತ್ತು. ನಿಮ್ಮ ಪ್ರಶ್ನೆಗೆ ನಗುವಂಥದ್ದು ಏನೂ ಇಲ್ಲ. ಎಪ್ಪತ್ತಕ್ಕೆ ಎಪ್ಪತ್ತು ಅಂದರೆ ಫಸ್ಟ್ ಕ್ಲಾಸ್ ಅಂತ ಯಾರಿಗೆ ತಾನೇ ಹೊಳೆಯುತ್ತದೆ?

60ರಿಂದ 70ರವರೆಗೆ ಎಂಎಸ್, ಅಂದರೆ ಚಲಾವಣೆಯಲ್ಲಿ ಸವೆಯದ್ದು. 50ರಿಂದ 58 ಎಯು (ಅಬೌಟ್ ಅನ್‌ಸರ್ಕ್ಯುಲೇಟೆಡ್), ಎತ್ತರದ ಜಾಗದಲ್ಲಿ ತುಸು ಉಜ್ಜಿದ ಗುರುತು. 40, 45 ಎಕ್ಸ್‌ಎಫ್ (ಎಕ್ಸ್‌ಟ್ರೀಮ್ಲಿ ಫೈನ್). ಕೆಳಗಿಳಿದ ಹಾಗೆ ವಿಎಫ್ (ವೆರಿ ಫೈನ್), ಎಫ್ (ಫೈನ್), ವಿಜಿ (ವೆರಿ ಗುಡ್), ಜಿ. ಅಂದ ಹಾಗೆ ಜಿ ಅಂದರೆ ಗುಡ್. ಆದರೆ ಗುಡ್ ನಾಣ್ಯ ನೋಡಿದರೆ ನೀವು ಗುಡ್ ಅನ್ನೋದಿಲ್ಲ, ಅಷ್ಟು ಸವೆದಿರುತ್ತದೆ.

ಪ್ರೂಫ್ ನಾಣ್ಯಕ್ಕೂ ಇದೇ ಅಂಕಿ, ಆದರೆ ಎಂಎಸ್ ಬದಲು ಪಿಎಫ್ ಅಥವಾ ಪಿಆರ್. ಪಿಎಫ್-69 ಅಂದರೆ ಪ್ರೂಫ್ ರೀತಿಯಲ್ಲಿ ಮಾಡಿದ, ಸ್ಥಿತಿಯಲ್ಲಿ 69 ಬಂದ ನಾಣ್ಯ. ಪ್ರೂಫ್ ಗ್ರೇಡ್ ಅಲ್ಲ. ಇದೊಂದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಶಾರದಮ್ಮ_ಸರಸ್ವತಿಪುರಂ
ಮೇಷ್ಟ್ರೇ, ನೀವು ಗ್ಯಾರಂಟಿ ರಿಟೈರ್ಡ್.

ಲೆಕ್ಕದಮೇಷ್ಟ್ರು
2014ರಲ್ಲಿ. ಯಾಕೆ ಕೇಳಿದಿರಿ?

ಬೆಂಗಳೂರುಬಾವ
ನನ್ನ ಸ್ಲ್ಯಾಬ್ ಮೇಲೆ "ಫಸ್ಟ್ ಸ್ಟ್ರೈಕ್" ಅಂತಲೂ ಇದೆ. ಅಚ್ಚಿನಿಂದ ಮೊದಲು ಬಿದ್ದ ನಾಣ್ಯಗಳು. ಅದಕ್ಕೆ ಬೇರೆ ಬೆಲೆ.

ನಾಣ್ಯಹುಚ್ಚ
ಬೇಜಾರು ಮಾಡಿಕೊಳ್ಳಬೇಡಿ ಬಾವ, ಅದರ ಅರ್ಥ ಅದಲ್ಲ. ನಾಣ್ಯ ಬಿಡುಗಡೆಯಾದ ಮೊದಲ ಮೂವತ್ತು ದಿನದೊಳಗೆ ಸಿಕ್ಕಿದ್ದು ಅಂತ ಮಾತ್ರ. ಅಚ್ಚಿನಿಂದ ಮೊದಲು ಬಿದ್ದಿದ್ದೋ ಲಕ್ಷದ ನಂತರ ಬಿದ್ದಿದ್ದೋ ಆ ಚೀಟಿ ಹೇಳುವುದಿಲ್ಲ. ಸಿನಿಮಾ ಬಂದು ಮೂರನೇ ವಾರ ನೋಡಿ "ಫಸ್ಟ್ ಡೇ ಫಸ್ಟ್ ಶೋ" ಅಂದ ಹಾಗೆ.

ಬೆಂಗಳೂರುಬಾವ
ಓ. ಸರಿ. ಅದಕ್ಕೆ ಎಷ್ಟು ಕೊಟ್ಟೆ ಅಂತ ಇಲ್ಲಿ ಹೇಳುವುದಿಲ್ಲ.

ಒರೆಗಲ್ಲು
ನೋಡಿ, ನಾನು ಹೇಳಿದ್ದು ಇದನ್ನೇ. ಆ ಸ್ಲ್ಯಾಬ್ ಹಿಡಿದುಕೊಂಡು ಅಶೋಕ ರಸ್ತೆಗೆ ಬನ್ನಿ. ಹತ್ತು ಅಂಗಡಿ ಹತ್ತಿ ಇಳಿಯಿರಿ. ಎಲ್ಲರೂ ಮೊದಲು ಕೇಳುವುದು "ಡಬ್ಬಿ ಒಡೀಲಾ?" ಅಂತ. ತೂಕ, ಟಚ್ಚು (ಶುದ್ಧತೆ) ನೋಡಿ ದುಡ್ಡು ಕೊಡುತ್ತಾರೆ. 70ಕ್ಕೂ 60ಕ್ಕೂ ಒಂದೇ ರೇಟು.

ನಾಣ್ಯಹುಚ್ಚ
ಈಗ ಜಗಳಕ್ಕೆ ಬಂದೆ. ಅಶೋಕ ರಸ್ತೆಯಲ್ಲಿ ಸಿಗದ ಬೆಲೆ ಬೇರೆಲ್ಲೂ ಸಿಗುವುದಿಲ್ಲ ಅನ್ನುವುದು ಬಾವಿ ಕಪ್ಪೆ ಮಾತು. ಸಂಗ್ರಹಗಾರರು ಇದ್ದಾರೆ, ಹರಾಜು ನಡೆಯುತ್ತದೆ. ಹಳೆಯ, ಅಪರೂಪದ ನಾಣ್ಯದಲ್ಲಿ ಎಂಎಸ್-62ಕ್ಕೂ 65ಕ್ಕೂ ಇರುವ ವ್ಯತ್ಯಾಸ ಚಿನ್ನದ ಬೆಲೆಗಿಂತ ದೊಡ್ಡದಿರಬಹುದು. ಎನ್‌ಜಿಸಿ, ಪಿಸಿಜಿಎಸ್‌ನಂಥ ಗ್ರೇಡ್ ಕೊಡುವ ಕಂಪನಿಯವರು 1980ರ ದಶಕದಲ್ಲಿ ಶುರುವಾಗಿದ್ದೇ ಮಾರುವವನು ಒಂದು ಗ್ರೇಡ್, ಕೊಳ್ಳುವವನು ಇನ್ನೊಂದು ಗ್ರೇಡ್ ಅಂತ ಕಿತ್ತಾಡುವುದನ್ನು ತಪ್ಪಿಸಲು. ಜೊತೆಗೆ ಅಸಲಿಯೋ ನಕಲಿಯೋ ಅಂತಲೂ ನೋಡುತ್ತಾರೆ.

ಆದರೆ ಒಪ್ಪುತ್ತೇನೆ. ಈಗಿನ ಕಾಲದಲ್ಲಿ ಲಕ್ಷಗಟ್ಟಲೆ ಅಚ್ಚಾಗುವ ಬುಲಿಯನ್ ನಾಣ್ಯಕ್ಕೆ 70 ಬರುವುದು ಅಪರೂಪವೇನಲ್ಲ. ಮೊನ್ನೆ ಮಿಂಟಿನಿಂದ ಬಂದದ್ದು ಹೊಸದಾಗಿರದೆ ಇನ್ನೇನು? ಅದಕ್ಕೆ ಜಾಸ್ತಿ ಸುರಿಯಬೇಡಿ. ಮುಯ್ಯಿಗಂತೂ ಬೇಡವೇ ಬೇಡ.

ಹೊಸಬ_ಮದ್ದೂರು
ಸಾವರಿನ್ ಅಂದರೆ ಸರ್ಕಾರದ ಬಾಂಡ್ ಅಲ್ವಾ? ಅದಕ್ಕೆ ಬಡ್ಡಿ ಬರುತ್ತದೆ, ಅದನ್ನೇ ಕೊಡಿ.

ಲೆಕ್ಕದಮೇಷ್ಟ್ರು
ಅದು ಸಾವರಿನ್ ಗೋಲ್ಡ್ ಬಾಂಡ್, ಬೇರೆ. 2015ರಲ್ಲಿ ಶುರುವಾಯಿತು. 2024ರ ಫೆಬ್ರವರಿಯ ಕಂತೇ ಕೊನೆ, ಆಮೇಲೆ ಹೊಸದು ಬಂದಿಲ್ಲ. ಇಲ್ಲಿ ಹೇಳುತ್ತಿರುವ ಸವರನ್ ಇಂಗ್ಲೆಂಡಿನ ಒಂದು ಪೌಂಡಿನ ಚಿನ್ನದ ನಾಣ್ಯ. ತೂಕ 7.988 ಗ್ರಾಂ, 22 ಕ್ಯಾರೆಟ್, ಒಳಗಿರುವ ಅಪ್ಪಟ ಚಿನ್ನ 7.322 ಗ್ರಾಂ. ನಮ್ಮಲ್ಲಿ ಎಂಟು ಗ್ರಾಂಗೆ ಒಂದು ಸವರನ್ನು ಅಂತ ಲೆಕ್ಕ ಹಾಕುವುದು ಇದರಿಂದಲೇ.

ಹೊಸಬ_ಮದ್ದೂರು
ಸರಿ ಸಾರ್, ವಡೆ ತಿನ್ನೋಕೆ ಹೋಗ್ತೀನಿ.

ಪಟ್ಟಣದವ
ಶ್ರೀರಂಗಪಟ್ಟಣದಿಂದ ಒಂದು ಅನುಭವ. ಕೋಟೆ ನೋಡಲು ಬಂದ ನಮ್ಮ ನೆಂಟರನ್ನು ಒಬ್ಬ ಪಕ್ಕಕ್ಕೆ ಕರೆದು "ಟಿಪ್ಪು ಕಾಲದ ಚಿನ್ನದ ನಾಣ್ಯ, ಗದ್ದೆ ಉಳುವಾಗ ಸಿಕ್ಕಿತು" ಅಂತ ಪಿಸುಗುಟ್ಟಿದ. ನೆಂಟರು ಚೌಕಾಸಿ ಮಾಡಿ ಎರಡು ಸಾವಿರಕ್ಕೆ ತಗೊಂಡು ಗೆದ್ದೆ ಅಂತ ಬೀಗಿದರು. ಮನೆಗೆ ಬಂದು ನೋಡಿದರೆ ಹಿತ್ತಾಳೆ. ಟಿಪ್ಪು ಚಿನ್ನದ ನಾಣ್ಯ ಹಾಕಿಸಿದ್ದು ನಿಜ. ದೊಡ್ಡದು ಅಹಮದಿ, ಅದರರ್ಧ ಸಿದ್ದೀಕಿ, ಅದರರ್ಧ ಫಾರೂಕಿ. ನಮ್ಮ ಪಟ್ಟಣದಲ್ಲೇ ಟಂಕಸಾಲೆ ಇತ್ತು. ಆದರೆ ಅವು ಬಿಸಿಲಲ್ಲಿ ನಿಂತು ಮಾರುವ ಸರಕಲ್ಲ.

ಇನ್ನೊಂದು ಮಾತು. ಒಂದು ವೇಳೆ ಗದ್ದೆಯಲ್ಲಿ ನಿಜವಾಗಿ ಸಿಕ್ಕಿದರೂ ಅದು ನಿಧಿ, ಸರ್ಕಾರಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ದೇಶದಿಂದ ಆಚೆ ಸಾಗಿಸುವಂತೆಯೂ ಇಲ್ಲ. 1972ರ ಕಾಯ್ದೆ ಇದೆ.

ನಾಣ್ಯಹುಚ್ಚ
ಚಿನ್ನದ ನಾಣ್ಯ ಅಂದರೆ ಇಂಗ್ಲೆಂಡು, ಅಮೆರಿಕ ಅಂತ ಓಡುವವರಿಗೆ ಹೇಳುತ್ತೇನೆ, ನಮ್ಮ ಮಣ್ಣಿನಷ್ಟು ಚೆಂದದ ನಾಣ್ಯ ಎಲ್ಲಿದೆ? ಹೊಯ್ಸಳರ ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದು ಗದ್ಯಾಣ ಅನ್ನುವ ಚಿನ್ನದ ನಾಣ್ಯದ ಮೇಲೆ "ಶ್ರೀ ತಲಕಾಡುಗೊಂಡ" ಅಂತ ಕನ್ನಡ ಅಕ್ಷರದಲ್ಲೇ ಹಾಕಿಸಿದ. ಮೈಸೂರಿನಲ್ಲಿ ಕಂಠೀರವ ನರಸರಾಜ ಒಡೆಯರ್, 1638ರಿಂದ 1659ರವರೆಗೆ ಆಳಿದವರು, ಕಂಠೀರಾಯಿ ಹಣ ಹೊರಡಿಸಿದರು. ಅದರ ಮೇಲೆ ನರಸಿಂಹ. ಗಾತ್ರ? ಹುರುಳಿ ಕಾಳಿನ ನೆಂಟ. ತೂಕ ಅರ್ಧ ಗ್ರಾಮೂ ಇಲ್ಲ. ಕೆಮ್ಮಿದರೆ ಹಾರಿ ಹೋಗುತ್ತದೆ. ನಾವು ಈಗ ದುಡ್ಡಿಗೆಲ್ಲ ಹಣ ಅನ್ನುತ್ತೇವಲ್ಲ, ಅದು ಇಂಥ ಪುಟ್ಟ ಚಿನ್ನದ ಕಾಸಿನ ಹೆಸರು.

ಇವು ಕೈಯಿಂದ ಒತ್ತಿದ ನಾಣ್ಯ. ಚಿತ್ರ ಓರೆ ಬಿದ್ದಿರುತ್ತದೆ, ಅರ್ಧ ತಲೆ ಆಚೆ ಹೋಗಿರುತ್ತದೆ. ಹುಟ್ಟುವಾಗಲೇ ಹಾಗೆ. ಅದಕ್ಕೆ ಎಪ್ಪತ್ತರ ಅಳತೆ ಹಿಡಿದು ಕೂತರೆ ಹಲಸಿನ ಹಣ್ಣಿಗೆ ಇಂಚುಪಟ್ಟಿ ಹಿಡಿದ ಹಾಗೆ.

ಮೈಸೂರುಪಾಕ್
ಮೈಸೂರಿನಲ್ಲಿ ಈಗಲೂ ಟಂಕಸಾಲೆ ಇದೆ ಅಲ್ವಾ? ಮೇಟಗಳ್ಳಿ ಕಡೆ.

ಪಟ್ಟಣದವ
ಅದು ನೋಟು ಮುದ್ರಣಾಲಯ ಮಾರಾಯರೇ. ಅಲ್ಲಿ ಚಿನ್ನ ಹುಡುಕಬೇಡಿ. ನಾಣ್ಯ ಮಾಡುವ ಸರ್ಕಾರಿ ಟಂಕಸಾಲೆ ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾದಲ್ಲಿ ಇವೆ.

ಕಬ್ಬಿನಗದ್ದೆ
ಅಣ್ಣಂದಿರಾ, ಹೊಯ್ಸಳರಿಂದ ಪಾಂಡವಪುರಕ್ಕೆ ವಾಪಸ್ ಬನ್ನಿ. ಮದುವೆ ಹತ್ತಿರ ಬಂತು. 916 ತಗೊಳ್ಳಲಾ, 999 ತಗೊಳ್ಳಲಾ?

ಲೆಕ್ಕದಮೇಷ್ಟ್ರು
ಲೆಕ್ಕ ಸುಲಭ ಆಗಲಿ ಅಂತ ಅಪ್ಪಟ ಚಿನ್ನ ಗ್ರಾಂಗೆ 10,000 ಅಂತ ಇಟ್ಟುಕೊಳ್ಳೋಣ, ಇವತ್ತಿನ ರೇಟು ನೀವೇ ಹಾಕಿಕೊಳ್ಳಿ. 8 ಗ್ರಾಂ 916 ಕಾಸಿನಲ್ಲಿ ಚಿನ್ನ 7.328 ಗ್ರಾಂ, ಅಂದರೆ 73,280 ರೂಪಾಯಿ. ಅದೇ 8 ಗ್ರಾಂ 999 ಆದರೆ 7.992 ಗ್ರಾಂ, 79,920 ರೂಪಾಯಿ. ಎರಡೂ ಮೋಸ ಅಲ್ಲ, ಚಿನ್ನಕ್ಕೆ ತಕ್ಕ ದುಡ್ಡು. ಮೋಸ ಆಗುವುದು 916 ಕಾಸು ಕೊಟ್ಟು 24 ಕ್ಯಾರೆಟ್ ರೇಟು ಹಾಕಿದಾಗ. ನನಗೇ ಒಂದು ಅಂಗಡಿಯಲ್ಲಿ ಹಾಗೆ ಬಿಲ್ ಆಗಿತ್ತು. ಕೇಳಿದ ಮೇಲೆ "ಕಂಪ್ಯೂಟರ್ ತಪ್ಪು" ಅಂದರು. ಕಂಪ್ಯೂಟರ್ ಯಾವತ್ತೂ ಗಿರಾಕಿಗೆ ಲಾಭ ಆಗುವ ಹಾಗೆ ತಪ್ಪು ಮಾಡುವುದಿಲ್ಲ, ಗಮನಿಸಿದ್ದೀರಾ?

995 ಮತ್ತು 999ರ ವ್ಯತ್ಯಾಸಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹತ್ತು ಗ್ರಾಂಗೆ 0.04 ಗ್ರಾಂ. ಮೇಲಿನ ರೇಟಿನಲ್ಲಿ 400 ರೂಪಾಯಿ. ಆದರೆ 995 ಕೊಟ್ಟು 999ರ ದುಡ್ಡು ಕೇಳಿದರೆ ಸುಮ್ಮನಿರಬೇಡಿ.

ಈಗ ಮೇಕಿಂಗ್, ಅಂದರೆ ಮಜೂರಿ. 10 ಗ್ರಾಂ ನಾಣ್ಯ ಒಂದು ಲಕ್ಷ, ಮೇಕಿಂಗ್ ಶೇಕಡ 3 ಅಂದರೆ 1,03,000. ಅದರ ಮೇಲೆ ಜಿಎಸ್‌ಟಿ ಶೇಕಡ 3, ಒಟ್ಟು 1,06,090. ಮಾರನೇ ದಿನ ಮಾರಿದರೆ ಆ 6,090 ದೇವರ ಹುಂಡಿಗೆ. ಪ್ರೂಫು, ಹೊಳಪು ಅಂತ ಮೇಕಿಂಗ್ ಶೇಕಡ 10 ಆದರೆ ನೀವೇ ಗುಣಿಸಿಕೊಳ್ಳಿ.

ಒರೆಗಲ್ಲು
ಸರಿಯಾದ ಲೆಕ್ಕ. ಮದುವೆ ಹುಡುಗಿ ಮುಂದೆ ಒಡವೆ ಮಾಡಿಸಿಕೊಳ್ಳುವುದಾದರೆ 24 ತಗೊಳ್ಳಿ, ನಾವೇ ತಾಮ್ರ ಬೆರೆಸಿ 22ಕ್ಕೆ ಇಳಿಸುತ್ತೇವೆ. ಕಾಸಿನ ಸರಕ್ಕೆ ಪೋಣಿಸುವುದಾದರೆ 22. ಅಪರಂಜಿ ಮೆದು. ಕೊರಳಲ್ಲಿ ಉಜ್ಜಿ ಉಜ್ಜಿ ಲಕ್ಷ್ಮಿಯ ಮೂಗು ಮೊದಲು ಹೋಗುತ್ತದೆ.

ನಾಣ್ಯಹುಚ್ಚ
ಅದಕ್ಕೇ ಓಡಾಡಿಸಲು ಮಾಡಿದ ಎಷ್ಟೋ ನಾಣ್ಯಗಳು 22. ಸವರನ್, ದಕ್ಷಿಣ ಆಫ್ರಿಕಾದ ಕ್ರೂಗರ್‌ರಾಂಡ್ 22. ಕ್ರೂಗರ್‌ರಾಂಡಿಗೆ ತಾಮ್ರ ಮಾತ್ರ ಬೆರೆಸುವುದರಿಂದ ಕೆಂಪು ಛಾಯೆ. ಅಮೆರಿಕದ ಈಗಲ್‌ಗೆ ಬೆಳ್ಳಿಯೂ ಸೇರುತ್ತದೆ, ಸ್ವಲ್ಪ ಹಳದಿ. ಬಣ್ಣ ನೋಡಿ ಇದು ಕಡಿಮೆ ಚಿನ್ನ, ಅದು ಜಾಸ್ತಿ ಚಿನ್ನ ಅನ್ನಬೇಡಿ. ಕೆನಡಾದ ಮೇಪಲ್ ಲೀಫ್ 999.9.

ಹೇಮಾವತಿದಂಡೆ
ಕೆಡಿಎಂ ನಾಣ್ಯ ಒಳ್ಳೇದಾ?

ಒರೆಗಲ್ಲು
ತಾಯೀ, ಕೆಡಿಎಂ ಅನ್ನುವುದು ಬೆಸುಗೆಗೆ ಕ್ಯಾಡ್ಮಿಯಂ ಹಾಕುತ್ತಿದ್ದ ಕಾಲದ ಮಾತು. ಅದರ ಹೊಗೆ ನಮ್ಮಂಥವರ ಶ್ವಾಸಕೋಶ ತಿಂದಿತು. ನಾಣ್ಯದಲ್ಲಿ ಬೆಸುಗೆಯೇ ಇಲ್ಲ, ಕೆಡಿಎಂ ಎಲ್ಲಿಂದ ಬಂತು? ಹಾಲ್‌ಮಾರ್ಕ್ ಕೇಳಿ.

ಹೇಮಾವತಿದಂಡೆ
ಆರು ಅಕ್ಷರದ ನಂಬರ್ ಇರುತ್ತದಲ್ಲ, ಅದು ನಾಣ್ಯಕ್ಕೂ ಇರುತ್ತದಾ?

ಲೆಕ್ಕದಮೇಷ್ಟ್ರು
ಅದು ಎಚ್‌ಯುಐಡಿ, ಪ್ರತಿ ಒಡವೆಗೂ ಬೇರೆ ಬೇರೆ ಇರುವ ಹಾಲ್‌ಮಾರ್ಕ್ ನಂಬರ್. ಒಡವೆಗೆ 2023ರ ಏಪ್ರಿಲ್ 1ರಿಂದ ಅದಿಲ್ಲದೆ ಮಾರುವಂತಿಲ್ಲ. ಆ ಕಡ್ಡಾಯ ಆದೇಶ ಬಂದಿದ್ದು ಒಡವೆ ಮತ್ತು ಚಿನ್ನದ ಕಲಾವಸ್ತುಗಳಿಗೆ. ಕಾಸಿಗೂ ತಾನಾಗಿಯೇ ಇರುತ್ತದೆ ಅಂತ ನಂಬಿ ಕೂರಬೇಡಿ. ಹಾಲ್‌ಮಾರ್ಕ್ ನೋಡಿಕೊಳ್ಳುವ ಸಂಸ್ಥೆ ಬಿಐಎಸ್‌ನ ಗುರುತು ಇದೆಯಾ ಅಂತ ಕೇಳಿ, ತೂಕ, ಶುದ್ಧತೆ ಎರಡನ್ನೂ ಬಿಲ್‌ನಲ್ಲಿ ಬರೆಸಿಕೊಳ್ಳಿ. ನಂಬರ್ ಇದ್ದರೆ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಅಲ್ಲೇ ನೋಡಿ, ಮನೆಗೆ ಬಂದ ಮೇಲೆ ಅಲ್ಲ.

ಸರ್ಕಾರದ್ದೇ ಬೇಕಾದರೆ ಇಂಡಿಯನ್ ಗೋಲ್ಡ್ ಕಾಯಿನ್ ಅಂತ 2015ರ ನವೆಂಬರ್‌ನಲ್ಲಿ ಬಂತು. ಒಂದು ಕಡೆ ಅಶೋಕ ಚಕ್ರ, ಇನ್ನೊಂದು ಕಡೆ ಗಾಂಧೀಜಿ. 999, ಹಾಲ್‌ಮಾರ್ಕ್ ಸಹಿತ.

ನಾಣ್ಯಹುಚ್ಚ
ಒಂದು ಅಡ್ಡ ಮಾತು. ಅಂಗಡಿಯ ಲಕ್ಷ್ಮಿ ಕಾಸು ಕಾನೂನಿನ ಅರ್ಥದಲ್ಲಿ ನಾಣ್ಯವೇ ಅಲ್ಲ, ಬಿಲ್ಲೆ. ಮುಖಬೆಲೆ ಇಲ್ಲ. ಹಾಗಂತ ಕೀಳು ಅಂತಲ್ಲ. ಆದರೆ "ಲಿಮಿಟೆಡ್ ಎಡಿಷನ್" ಬಿಲ್ಲೆ ಮುಂದೆ ಅಪರೂಪದ ನಾಣ್ಯ ಆಗಿ ಬೆಲೆ ಏರುತ್ತದೆ ಅಂದರೆ ನಗಿ.

ಮೈಸೂರುಪಾಕ್
ಬ್ಯಾಂಕಿನಲ್ಲಿ ತಗೊಂಡರೆ ಸೇಫ್ ಅಲ್ವಾ? ನಮ್ಮಪ್ಪ ತಗೊಂಡಿದ್ದರು. ಕಷ್ಟಕ್ಕೆ ಮಾರಲು ಹೋದರೆ ಅದೇ ಬ್ಯಾಂಕಿನವರು "ನಾವು ವಾಪಸ್ ತಗೊಳ್ಳಲ್ಲ" ಅಂದರು. ಅಪ್ಪ ಕೌಂಟರಿನಲ್ಲೇ ಕೂಗಾಡಿದರು, ನಾನು ಕ್ಯಾಲೆಂಡರ್ ನೋಡುತ್ತಾ ನಿಂತಿದ್ದೆ.

ಲೆಕ್ಕದಮೇಷ್ಟ್ರು
ಕೂಗಾಡಿ ಉಪಯೋಗ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕುಗಳು ಮಾರಬಹುದು, ವಾಪಸ್ ಕೊಳ್ಳುವಂತಿಲ್ಲ. ಆದರೆ ಬ್ಯಾಂಕಿನವರು ಮಾರಿದ ನಾಣ್ಯ ಅಡ ಇಟ್ಟು ಸಾಲ ಪಡೆಯಬಹುದು, ಒಬ್ಬರಿಗೆ 50 ಗ್ರಾಂವರೆಗೆ.

ಶಾರದಮ್ಮ_ಸರಸ್ವತಿಪುರಂ
ನನ್ನ ಕಥೆ ಕೇಳಿ, ನಗಬೇಡಿ. ಅತ್ತೆ ಕೊಟ್ಟಿದ್ದ ಎರಡು ವಿಕ್ಟೋರಿಯಾ ಕಾಸು ಇದ್ದವು. ಕೆಂಪಗೆ, ಮಂಕಾಗಿದ್ದವು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಮುಂದೆ ಇಡೋಣ ಅಂತ ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಲ್ಲಿ ಉಜ್ಜಿದೆ. ಸಾಲದು ಅಂತ ಮೇಲೆ ಹಲ್ಲುಪುಡಿ. ಥಳಥಳ ಅಂದವು. ಆಮೇಲೆ ಮಗನ ಸ್ನೇಹಿತ, ನಾಣ್ಯ ಕೂಡಿಡುವವನು, ಬಂದು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡು ಸೋಫಾ ಮೇಲೆ ಕೂತುಬಿಟ್ಟ. ನಾನು ಬಿಪಿ ಲೋ ಆಯಿತೇನೋ ಅಂತ ಕಾಫಿ ಕೊಟ್ಟೆ.

ನಾಣ್ಯಹುಚ್ಚ
ಅಯ್ಯೋ ಶಾರದಮ್ಮ. ನನಗೂ ಕಾಫಿ ಕೊಡಿ.

ನಗುವ ವಿಷಯ ಅಲ್ಲ ಇದು. ಹಳೆಯ ನಾಣ್ಯದ ಮೇಲ್ಮೈಯಲ್ಲಿ ಕಾಲ ಕೂರಿಸಿದ ಬಣ್ಣ ಇರುತ್ತದೆ. ಉಜ್ಜಿದರೆ ಕೂದಲೆಳೆಯಂಥ ಗೀರುಗಳು. ಬೆಳಕಿಗೆ ಓರೆ ಹಿಡಿದು ತಿರುಗಿಸಿದರೆ ಎಲ್ಲ ಕಾಣುತ್ತದೆ. ಆಮೇಲೆ ಗ್ರೇಡಿಂಗ್‌ನವರು ಅಂಕಿಯನ್ನೇ ಕೊಡುವುದಿಲ್ಲ, "ಕ್ಲೀನ್ ಮಾಡಿದ್ದು" ಅಂತ ಬರೆದು ಕಳಿಸುತ್ತಾರೆ. ಕೊಂಡಿ ಬೆಸೆದ ನಾಣ್ಯಕ್ಕೂ ಅದೇ ಗತಿ. ಕೊಂಡಿ ತೆಗೆದರೂ ಬೆಸುಗೆಯ ಗಾಯ ಅಂಚಿನಲ್ಲಿ ಉಳಿಯುತ್ತದೆ.

ಪ್ರೂಫ್ ನಾಣ್ಯ ಇನ್ನೂ ಸೂಕ್ಷ್ಮ. ಬೆರಳಿನ ಗುರುತು ಕನ್ನಡಿಯ ಮೇಲೆ ಕೂತರೆ ಹೋಗುವುದಿಲ್ಲ. ಅಂಚು ಹಿಡಿಯಬೇಕು, ಮುಖ ಮುಟ್ಟಬಾರದು.

ಒರೆಗಲ್ಲು
ಮುಟ್ಟಬಾರದು, ಉಜ್ಜಬಾರದು, ಹಾಕಿಕೊಳ್ಳಬಾರದು, ಡಬ್ಬಿ ಒಡೆಯಬಾರದು. ಹಾಗಾದರೆ ಅದು ಚಿನ್ನವೋ, ಮಡಿ ಅಜ್ಜಿಯೋ?

ಶಾರದಮ್ಮ_ಸರಸ್ವತಿಪುರಂ
ಮಡಿ ಅಜ್ಜಿಯರ ವಿಷಯಕ್ಕೆ ಬರಬೇಡಿ.

ಪಟ್ಟಣದವ
ಒರೆಗಲ್ಲು ಅವರೇ, ಅಜ್ಜಿಯ ಸವರನ್ ಅಸಲಿಯೋ ಅಲ್ಲವೋ ಮನೆಯಲ್ಲೇ ಹೇಗೆ ನೋಡುವುದು?

ಒರೆಗಲ್ಲು
ಕೊಂಡಿ ಇದ್ದರೆ ತೂಕ ಜಾಸ್ತಿ ತೋರಿಸುತ್ತದೆ, ಅದು ನೆನಪಿರಲಿ. ಕೊಂಡಿ ಇಲ್ಲದ್ದು ಸುಮಾರು 7.98 ಬರಬೇಕು, ಅಡ್ಡಗಲ 22 ಮಿಲಿಮೀಟರ್. ತುಂಬಾ ಸವೆದಿದ್ದರೆ ಸ್ವಲ್ಪ ಇಳಿಯುತ್ತದೆ. ಅಯಸ್ಕಾಂತಕ್ಕೆ ಅಂಟಿದರೆ ಮಾತೇ ಬೇಡ. ಅಂಟಲಿಲ್ಲ ಅಂದ ಮಾತ್ರಕ್ಕೆ ಚಿನ್ನ ಅಂತಲೂ ಅಲ್ಲ, ಹಿತ್ತಾಳೆಯೂ ಅಂಟುವುದಿಲ್ಲ. ಅನುಮಾನ ಇದ್ದರೆ ಅಂಗಡಿಯಲ್ಲಿ ಕ್ಯಾರೆಟ್ ಮೀಟರ್‌ಗೆ ಇಡಿಸಿ. ಅದೂ ಮೇಲ್ಪದರ ಮಾತ್ರ ಓದುತ್ತದೆ, ಅದಕ್ಕೇ ತೂಕ ಮತ್ತು ಗಾತ್ರ ಜೊತೆಗೆ ನೋಡಬೇಕು.

ಇನ್ನೊಂದು. ಸರಕ್ಕೆ ಪೋಣಿಸಲು ಅಕ್ಕಸಾಲಿಗರೇ 22 ಕ್ಯಾರೆಟ್‌ನಲ್ಲಿ ಒತ್ತಿದ ರಾಜನ ಕಾಸುಗಳೂ ಇವೆ. ಚಿನ್ನ ಚಿನ್ನವೇ, ಆದರೆ ಮಿಂಟಿನದ್ದಲ್ಲ. ಅಕ್ಷರ ದಪ್ಪ, ಕುದುರೆಯ ಕಾಲು ಕತ್ತೆಯ ಕಾಲು. ನಮ್ಮ ತಾತನ ಹತ್ತಿರವೇ ಒಂದು ಅಚ್ಚು ಇತ್ತು, ಮುಚ್ಚಿಡುವುದೇನು.

ನಾಣ್ಯಹುಚ್ಚ
ಕಬ್ಬಿನಗದ್ದೆ, ನಿಮ್ಮದರ ಇಸವಿ ಎಷ್ಟು? ಗಡ್ಡದ ರಾಜ ಅಂದರೆ ಏಳನೇ ಎಡ್ವರ್ಡ್ ಇಲ್ಲವೇ ಐದನೇ ಜಾರ್ಜ್. ಇಸವಿ 1918 ಇದ್ದು, ಕುದುರೆಯ ಕೆಳಗೆ ನೆಲದ ಗೆರೆಯ ಮೇಲೆ ಸಣ್ಣ ಐ ಅಕ್ಷರ ಇದ್ದರೆ ಅದು ಬೊಂಬಾಯಿ ಟಂಕಸಾಲೆಯದ್ದು. ಇಂಡಿಯಾದ ಐ. ಆಗ ಅಲ್ಲಿ ಸವರನ್ ಹಾಕಿದ್ದು ಆ ಒಂದೇ ವರ್ಷದ ಇಸವಿಯಲ್ಲಿ. ಅದೇ ವರ್ಷ ಅದೇ ತೂಕದ ಹದಿನೈದು ರೂಪಾಯಿಯ ಚಿನ್ನದ ನಾಣ್ಯವನ್ನೂ ಹಾಕಿದ್ದರು. ಭೂತಗನ್ನಡಿ ಹಿಡಿದು ನೋಡಿ. ಉಜ್ಜಬೇಡಿ!

ಕಬ್ಬಿನಗದ್ದೆ
ಮಗನ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿದೆವು. ಮನೆಮಂದಿಯೆಲ್ಲ ಸುತ್ತ ನಿಂತಿದ್ದರು. 1913. ಐ ಇಲ್ಲ. ಅಮ್ಮ "ಯಾಕೋ ಎಲ್ಲರೂ ಸಪ್ಪಗಾದಿರಿ, ಚಿನ್ನ ಕಮ್ಮಿ ಆಯ್ತಾ" ಅಂದರು.

ಲೆಕ್ಕದಮೇಷ್ಟ್ರು
ಅಮ್ಮ ಹೇಳಿದ್ದೇ ಸರಿ. 7.322 ಗ್ರಾಂ ಎಲ್ಲೂ ಹೋಗಿಲ್ಲ.

ಬೆಂಗಳೂರುಬಾವ
ನನ್ನ ಒಂದು ಸ್ಲ್ಯಾಬ್ ಬೇಕಾದರೆ ಕೊಡುತ್ತೇನೆ, ಕೊಂಡ ಬೆಲೆಗೇ.

ಕಬ್ಬಿನಗದ್ದೆ
ಬೇಡ ಬಾವ.

ನಿನ್ನೆ ಅಕ್ಕನ ಮನೆಗೆ ಹೋಗಿದ್ದೆ. ಕೊನೆಗೆ ಹುಡುಗಿಯನ್ನೇ ಕೇಳಿದೆ. ಇಷ್ಟು ದಿನ ಆ ಬುದ್ಧಿ ಯಾರಿಗೂ ಬರಲಿಲ್ಲ ನೋಡಿ, ನಿಮಗೂ ಬರಲಿಲ್ಲ, ನನಗೂ ಬರಲಿಲ್ಲ. "ಮಾವ, ನಾಣ್ಯ ಕೊಟ್ಟರೆ ಕರಗಿಸಿ ಓಲೆ ಮಾಡಿಸಿಕೊಳ್ಳುತ್ತೇನೆ" ಅಂದಳು. ಅಲ್ಲಿಗೆ ಪ್ರೂಫಿನ ಕಥೆ ಮುಗಿಯಿತು. ಮೇಕಿಂಗ್ ಕಡಿಮೆ ಹಾಕಿದ ಅಂಗಡಿಯಲ್ಲಿ 10 ಗ್ರಾಂ 999, ಹೊಳಪಿಲ್ಲದ್ದು, ಬಿಲ್ ಸಮೇತ ತಗೊಂಡೆ. ಮೇಷ್ಟ್ರು ಹೇಳಿದ ಹಾಗೆ ಶುದ್ಧತೆ ಬರೆಸಿದೆ. ಅಂಗಡಿಯವರು ನನ್ನನ್ನು ಸೇಲ್ಸ್ ಟ್ಯಾಕ್ಸ್‌ನವನು ಅಂದುಕೊಂಡರು.

ಆದರೆ ಅಜ್ಜಿಯ ಸವರನ್ ಫೋಟೊ ತೋರಿಸಿದರೆ "ಅದನ್ನು ಕರಗಿಸಲ್ಲ, ಕೊಂಡಿ ಸಮೇತ ಹಾಗೇ ಬೇಕು, ಕರಿಮಣಿ ಜೊತೆ ಹಾಕಿಕೊಳ್ಳುತ್ತೇನೆ" ಅಂದಳು. ಹಾಗಾಗಿ ಎರಡೂ ಹೋಗುತ್ತಿವೆ. ಕಬ್ಬಿನ ದುಡ್ಡೂ ಹೋಯಿತು, ಟ್ರಂಕೂ ಖಾಲಿ.

ಶಾರದಮ್ಮ_ಸರಸ್ವತಿಪುರಂ
ಒಳ್ಳೇ ಹುಡುಗಿ. ಮದುವೆ ಎಲ್ಲಿ?

ನಾಣ್ಯಹುಚ್ಚ
ಕರಿಮಣಿಗೆ ಉಜ್ಜಿದರೆ ಎಕ್ಸ್‌ಎಫ್‌ನಿಂದ ವಿಎಫ್‌ಗೆ ಇಳಿಯುತ್ತದೆ ಅಂತ ಹೇಳೋಣ ಅಂದುಕೊಂಡೆ. ಹೇಳಲ್ಲ, ಬಿಡಿ.

ಒರೆಗಲ್ಲು
ಹೇಳಿಯೇಬಿಟ್ಟಿರಲ್ಲ. ಕಬ್ಬಿನಗದ್ದೆ, ಅಷ್ಟು ಹಳೆಯ ಕೊಂಡಿ ಹಾಕಿಕೊಂಡು ತಿರುಗುವುದಾದರೆ ಬೆಸುಗೆ ಒಮ್ಮೆ ನೋಡಿಸಿ. ಕಳಚಿ ಛತ್ರದಲ್ಲಿ ಬಿದ್ದರೆ ಎಂಟು ಗ್ರಾಂ ಹುಡುಕುತ್ತಾ ಕೂರಬೇಕು. ನನ್ನ ಹತ್ತಿರ ತಂದರೆ ಐದು ನಿಮಿಷದ ಕೆಲಸ, ದುಡ್ಡು ಬೇಡ.

ಕಬ್ಬಿನಗದ್ದೆ
ಸೋಮವಾರ ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ. ಅಂಗಡಿ ಎಷ್ಟು ಗಂಟೆಗೆ ತೆಗೆಯುತ್ತೀರಿ?

ಒರೆಗಲ್ಲು
ಹತ್ತೂವರೆಗೆ. ಬರುವ ಮುಂಚೆ ಅಮ್ಮನ ಕೈಗೆ ಹುಣಸೆಹಣ್ಣು ಸಿಗದ ಹಾಗೆ ನೋಡಿಕೊಳ್ಳಿ.